ಪಾಡ್ ಇಲ್ಲದ ಎಚ್‌ಪಿ 5004ಎ ಸಿಗ್ನೇಚರ್ ಅನಲೈಜರ್ ರಿಪೇರಿ: ಹಂತ ಹಂತವಾಗಿ

ಹಳೆಯ ಮೈಕ್ರೊಪ್ರೊಸೆಸರ್ ಟೆಸ್ಟ್ ಉಪಕರಣ ಪೂರ್ತಿ ಸಿಗುವುದು ಅಪರೂಪ. ಡಬ್ಬಿ ಸಿಗುತ್ತೆ, ಅದರ ಜೊತೆಗಿರಬೇಕಾದ ಪ್ರೋಬ್, ಪಾಡ್ (ಬೋರ್ಡಿನ ಸಿಗ್ನಲ್ ಹಿಡಿದು ಡಬ್ಬಿಗೆ ಕಳಿಸುವ ಪುಟ್ಟ ಪೆಟ್ಟಿಗೆ), ಕೇಬಲ್ ಸಿಗಲ್ಲ. ಗುಜರಿಗೆ ಬರುವ ಹೊತ್ತಿಗೆ ನೇತಾಡುವುದನ್ನೆಲ್ಲ ಯಾರೋ ಕತ್ತರಿಸಿರುತ್ತಾರೆ. ಫ್ಲೂಕ್ 9010ಎ ಅನ್ನುವ ಇನ್ನೊಂದು ಟೆಸ್ಟ್ ಉಪಕರಣ ಕೊಂಡವರ ಗತಿಯೂ ಇದೇ. ಅದಕ್ಕಂತೂ ಒಂದೊಂದು ಪ್ರೊಸೆಸರ್‌ಗೆ ಒಂದೊಂದು ಪಾಡ್ ಬೇಕು, ಪಾಡ್ ಇಲ್ಲದಿದ್ದರೆ ಆ ಡಬ್ಬಿ ಬರೀ ಭಾರ.

ಎಚ್‌ಪಿ 5004ಎ ವಿಷಯ ಬೇರೆ. ಡಿಜಿಟಲ್ ಬೋರ್ಡಿನ ಸಿಗ್ನಲ್ಲನ್ನು ನಾಲ್ಕು ಅಕ್ಷರದ ಗುರುತಾಗಿ ತೋರಿಸುವ ಉಪಕರಣ ಇದು, ಇದರ ಸರಿ ಉತ್ತರ ಬರೀ ಲೆಕ್ಕ. ವೋಲ್ಟ್‌ಮೀಟರ್ ರಿಪೇರಿ ಮಾಡಿದರೆ ಅದನ್ನು ತಾಳೆ ನೋಡಲು ಇನ್ನೊಂದು ಒಳ್ಳೆ ವೋಲ್ಟ್‌ಮೀಟರ್ ಬೇಕು. ಇದಕ್ಕೆ ಒಂದು ಕೌಂಟರ್ ಸರ್ಕ್ಯೂಟ್ ಸಾಕು. ಉತ್ತರ ಬಂದರೆ ಬಂತು, ಇಲ್ಲವಾದರೆ ಇಲ್ಲ, ನಡುವೆ ಏನೂ ಇಲ್ಲ. ಹಾಗಾಗಿ ಕಳೆದುಹೋದ ಪಾಡನ್ನು ನಾವೇ ಕಟ್ಟಿ, ಅದು ಸರಿಯಾಗಿದೆ ಅಂತ ಮೇಜಿನ ಮೇಲೇ ಸಾಬೀತು ಮಾಡಬಹುದು.

ಮೊದಲು, ಇದು ಮಾಡುವ ಕೆಲಸ

1977ರಲ್ಲಿ ಬಂದ ಉಪಕರಣ ಇದು. ಆ ವರ್ಷದ ಮೇ ತಿಂಗಳ ಎಚ್‌ಪಿ ಜರ್ನಲ್‌ನಲ್ಲಿ ಇದರ ಹಿಂದಿನ ಯೋಚನೆ ವಿವರವಾಗಿದೆ, ಬಿಡುವಿದ್ದಾಗ ಓದಿ. ಬೋರ್ಡಿನ ಯಾವುದೋ ಒಂದು ಜಾಗಕ್ಕೆ ಪ್ರೋಬ್ ಮುಟ್ಟಿಸುತ್ತೀರಿ. ಕ್ಲಾಕ್ ಬಂದಾಗಲೆಲ್ಲ ಅಲ್ಲಿನ ಬಿಟ್ ಒಂದು 16 ಬಿಟ್ ಶಿಫ್ಟ್ ರಿಜಿಸ್ಟರ್ (ಬಿಟ್‌ಗಳು ಒಂದೊಂದೇ ಹಂತ ಮುಂದೆ ಸರಿಯುವ ಸಾಲು) ಒಳಗೆ ಹೋಗುತ್ತೆ. ಹೋಗುವಾಗ 7, 9, 12 ಮತ್ತು 16ನೇ ಹಂತಗಳ ಬಿಟ್‌ಗಳ ಜೊತೆ ಎಕ್ಸ್‌ಒಆರ್ ಆಗಿ (1ಗಳ ಸಂಖ್ಯೆ ಬೆಸವಾದರೆ 1, ಸಮವಾದರೆ 0) ಹೋಗುತ್ತೆ. ಸ್ಟಾರ್ಟ್ ಸಿಗ್ನಲ್‌ನಿಂದ ಸ್ಟಾಪ್ ಸಿಗ್ನಲ್‌ವರೆಗೆ ಇದು ನಡೆದು, ಕೊನೆಗೆ ರಿಜಿಸ್ಟರಿನಲ್ಲಿ ಉಳಿದದ್ದು ನಾಲ್ಕು ಅಕ್ಷರಗಳಾಗಿ ಕಾಣುತ್ತೆ. ಅದೇ ಸಿಗ್ನೇಚರ್. ಅಂಗಡಿಯವರು ರಾತ್ರಿ ಗಲ್ಲಾಪೆಟ್ಟಿಗೆಯ ಒಟ್ಟು ಮೊತ್ತ ನೋಡಿ ದಿನದ ವ್ಯಾಪಾರ ತಾಳೆ ಹಾಕುವ ಹಾಗೆ. ವ್ಯತ್ಯಾಸ ಇಷ್ಟೇ, ಇಲ್ಲಿ ಒಂದೇ ಒಂದು ಬಿಟ್ ತಪ್ಪಿದರೂ ಖಂಡಿತ ಗೊತ್ತಾಗುತ್ತೆ, ಹಲವು ಬಿಟ್ ತಪ್ಪಿದಾಗ ಸಿಕ್ಕಿಬೀಳುವ ಸಾಧ್ಯತೆ 99.998 ಪರ್ಸೆಂಟ್.

ಅಕ್ಷರಗಳು ಮಾಮೂಲಿ ಹೆಕ್ಸ್ (0ಯಿಂದ 9, ಎಯಿಂದ ಎಫ್) ಅಲ್ಲ. 0ಯಿಂದ 9, ಆಮೇಲೆ ಎ, ಸಿ, ಎಫ್, ಎಚ್, ಪಿ, ಯು. ಏಳು ಸೆಗ್ಮೆಂಟ್ ಡಿಸ್‌ಪ್ಲೇಯಲ್ಲಿ ಬಿ ಬರೆದರೆ 8ರ ಹಾಗೆ, ಡಿ ಬರೆದರೆ 0 ಹಾಗೆ ಕಾಣುತ್ತೆ, ಅಲ್ವಾ? ಆ ಗೊಂದಲವೇ ಬೇಡ ಅಂತ ಬೇರೆ ಅಕ್ಷರ ಆರಿಸಿದರು. ಇದು ನೆನಪಿರಲಿ, ಇಲ್ಲದಿದ್ದರೆ ಡಿಸ್‌ಪ್ಲೇ ಕೆಟ್ಟಿದೆ ಅಂದುಕೊಂಡು ಬಿಚ್ಚುತ್ತಾ ಕೂರುತ್ತೀರಿ.

ಹಂತ 1: ಏನಿದೆ, ಏನಿಲ್ಲ

ಪ್ಲಗ್ ಹಾಕಬೇಡಿ. ಮೊದಲು ಮುಚ್ಚಳ ತೆಗೆದು ಎಲ್ಲ ಕಡೆಯಿಂದ ಫೋಟೊ ತೆಗೆಯಿರಿ. ಎಚ್‌ಪಿ ಸ್ಕ್ರೂಗಳು ಸಾಮಾನ್ಯವಾಗಿ ಪೊಜಿಡ್ರೈವ್. ನಮ್ಮ ಮಾಮೂಲಿ ಸ್ಟಾರ್ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ತಲೆ ಸವೆದುಹೋಗುತ್ತೆ. ಥ್ರೆಡ್ ಕೂಡ ಇಂಚಿನ ಲೆಕ್ಕದ್ದು. ಕಳೆದ ಸ್ಕ್ರೂ ಜಾಗಕ್ಕೆ ಹಾರ್ಡ್‌ವೇರ್ ಅಂಗಡಿಯ ಮೆಟ್ರಿಕ್ ಸ್ಕ್ರೂ ಒತ್ತಿ ತಿರುಗಿಸಬೇಡಿ.

ಸೀರಿಯಲ್ ನಂಬರ್ ಬರೆದಿಟ್ಟುಕೊಳ್ಳಿ. ಆ ಕಾಲದ ಎಚ್‌ಪಿ ಸೀರಿಯಲ್‌ನ ಮೊದಲ ಎರಡು ಅಂಕಿಗೆ 1960 ಕೂಡಿಸಿದರೆ ವರ್ಷ, ಮುಂದಿನ ಎರಡು ಅಂಕಿ ವಾರ. 1816ಎ ಅಂತ ಶುರುವಾದರೆ 1978ರ 16ನೇ ವಾರ, ಎ ಅಂದರೆ ಅಮೆರಿಕದಲ್ಲಿ ತಯಾರಾದದ್ದು. ಇದು ಯಾಕೆ ಬೇಕು ಅಂದರೆ, ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಯಾವ ಸೀರಿಯಲ್‌ಗೆ ಯಾವ ಸರ್ಕ್ಯೂಟ್ ಅಂತ ಬೇರೆ ಬೇರೆ ಬರೆದಿರುತ್ತಾರೆ. ಮ್ಯಾನ್ಯುಯಲ್‌ನ ಸ್ಕ್ಯಾನ್ ಜಾಲದಲ್ಲಿ ಸಿಗುತ್ತೆ, ಅದಿಲ್ಲದೆ ಮುಂದೆ ಹೋಗಬೇಡಿ.

ಖಾಲಿ ಐಸಿ ಸಾಕೆಟ್ ಇದ್ದರೆ ಗಾಬರಿ ಬೇಡ. ಎಚ್‌ಪಿ ತನ್ನದೇ ನಂಬರ್ ಹಾಕುತ್ತಿತ್ತು, ಹೆಚ್ಚಿನವು ಒಳಗೆ ಮಾಮೂಲಿ ಐಸಿಗಳೇ. 1820ರಿಂದ ಶುರುವಾದರೆ ಡಿಜಿಟಲ್ ಐಸಿ, 1826 ಲೀನಿಯರ್, 1818 ಮೆಮೊರಿ, 1854 ಎನ್‌ಪಿಎನ್ ಟ್ರಾನ್ಸಿಸ್ಟರ್, 1853 ಪಿಎನ್‌ಪಿ, 1901 ಡಯೋಡ್. 1820-1197 ಅಂದರೆ ನಮ್ಮ 74ಎಲ್‌ಎಸ್00. 1820-1199 ಅಂದರೆ 74ಎಲ್‌ಎಸ್04. ಐಸಿ ಮೇಲೆ 7814 ಅಂತ ಇನ್ನೊಂದು ನಂಬರ್ ಇದ್ದರೆ ಅದು 1978ರ 14ನೇ ವಾರ ಅಂತ, 78 ಸೀರೀಸ್ ರೆಗ್ಯುಲೇಟರ್ ಅಂದುಕೊಳ್ಳಬೇಡಿ.

74ಎಲ್‌ಎಸ್ ಐಸಿಗಳನ್ನು ಬೆಂಗಳೂರಿನ ಎಸ್‌ಪಿ ರೋಡಲ್ಲಿ ಹುಡುಕಿ. ಹಾಕುವಾಗ ಮಾತ್ರ ಒಂದು ಎಚ್ಚರ. ಬದಲಿಗೆ 74ಎಚ್‌ಸಿ ಕೊಟ್ಟರೆ ತೆಗೆದುಕೊಳ್ಳಬೇಡಿ. 5 ವೋಲ್ಟ್‌ನಲ್ಲಿ ಎಚ್‌ಸಿಗೆ ಹೈ ಅನ್ನಿಸಲು 3.5 ವೋಲ್ಟ್ ಬೇಕು, ಹಳೆಯ ಟಿಟಿಎಲ್ (5 ವೋಲ್ಟ್‌ನ ಲಾಜಿಕ್ ಐಸಿ ಜಾತಿ) ಖಾತ್ರಿ ಕೊಡುವುದು 2.4 ಅಷ್ಟೇ. ಎಚ್‌ಸಿಟಿ ಆದರೆ ನಡೆಯುತ್ತೆ. ಮೂಲದಲ್ಲಿ ಎಸ್ ಸೀರೀಸ್ ಇದ್ದರೆ ಅದನ್ನೇ ಹಾಕಿ, ವೇಗ ಬೇಕಾದ ಕಡೆಯೇ ಅದನ್ನು ಬಳಸಿರುತ್ತಾರೆ.

ಹಂತ 2: ಪವರ್

ಮೊದಲ ಪ್ರಶ್ನೆ, ಇದು ಎಷ್ಟು ವೋಲ್ಟ್‌ಗೆ ಸೆಟ್ ಆಗಿದೆ? ಅಮೆರಿಕದಿಂದ ಬಂದ ಡಬ್ಬಿ 115ಕ್ಕೋ 120ಕ್ಕೋ ಇರಬಹುದು. ಹಿಂಭಾಗದಲ್ಲಿ ಸ್ವಿಚ್ಚೋ, ಫ್ಯೂಸ್ ಪಕ್ಕದ ಪುಟ್ಟ ಕಾರ್ಡೋ ಇರುತ್ತೆ. 220 ಮತ್ತು 240 ಎರಡೂ ಇದ್ದರೆ 240 ಆರಿಸಿ, ನಮ್ಮ ಲೈನ್ ಕೆಲವೊಮ್ಮೆ ಅಲ್ಲಿವರೆಗೂ ಏರುತ್ತೆ. ಫ್ಯೂಸ್ ಕೂಡ ಬದಲಾಗಬೇಕು. ವೋಲ್ಟೇಜ್ ದುಪ್ಪಟ್ಟಾದರೆ ಫ್ಯೂಸ್ ಅರ್ಧ.

ಅರ್ತ್ ಪಿನ್‌ನಿಂದ ಲೋಹದ ಮೈಗೆ ಮೀಟರ್ ಹಿಡಿದು ನೋಡಿ, ಸೊನ್ನೆ ಓಮ್ ಹತ್ತಿರ ಬರಬೇಕು. ಮೇನ್ಸ್ ಕಡೆ ಮಸುಕು ಹಳದಿ ಬಣ್ಣದ, ಮೈಮೇಲೆ ಸೀಳು ಬಿಟ್ಟ ಪೇಪರ್ ಕೆಪ್ಯಾಸಿಟರ್ ಕಂಡರೆ ಯೋಚನೆಯೇ ಬೇಡ, ತೆಗೆದು ಹೊಸ ಎಕ್ಸ್2 (ಮೇನ್ಸ್‌ಗೆಂದೇ ಮಾಡಿದ ಕೆಪ್ಯಾಸಿಟರ್) ಹಾಕಿ. ಅವು ಸದ್ದು ಮಾಡಿಕೊಂಡೇ ಹೋಗುತ್ತವೆ, ಆಮೇಲೆ ಮನೆಯೆಲ್ಲ ನಾತ.

ಆಮೇಲೆ ರೆಗ್ಯುಲೇಟರ್‌ನಿಂದ ಬೋರ್ಡ್‌ಗೆ ಹೋಗುವ 5 ವೋಲ್ಟ್ ದಾರಿ ಬಿಡಿಸಿ. ಅಲ್ಲಿ 10 ಓಮ್, 5 ವ್ಯಾಟ್ ರೆಸಿಸ್ಟರ್ ಲೋಡ್ ಹಾಕಿ. ಮೇನ್ಸ್‌ಗೆ 60 ವ್ಯಾಟ್ ಬಲ್ಬಿನ ಸೀರೀಸ್ ಬೋರ್ಡ್ ಮೂಲಕ ಕೊಡಿ. ಎಲೆಕ್ಟ್ರಿಷಿಯನ್‌ಗಳ ಹತ್ತಿರ ಇರುತ್ತಲ್ಲ, ಅದೇ. ಎಲ್‌ಇಡಿ ಬಲ್ಬ್ ಆಗಲ್ಲ, ಹಳೆಯ ತಂತಿ ಬಲ್ಬೇ ಬೇಕು. ಬಲ್ಬ್ ಒಮ್ಮೆ ಮಿನುಗಿ ಮಂಕಾದರೆ ಒಳ್ಳೆಯದು. ಜೋರಾಗಿ ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ. ಆಗ ಪ್ಲಗ್ ತೆಗೆದು ಡಯೋಡ್ ಬ್ರಿಡ್ಜ್ ನೋಡಿ. ಶಾರ್ಟ್ ಏನೂ ಇಲ್ಲ ಅಂತಾದ ಮೇಲೆ ಬಲ್ಬ್ ತೆಗೆದು, ನೇರ ಮೇನ್ಸ್‌ನಲ್ಲಿ 4.75ರಿಂದ 5.25 ವೋಲ್ಟ್ ಒಳಗೆ ಬರುತ್ತಾ ನೋಡಿ. ಬಂದರೆ ಬೋರ್ಡ್ ಸೇರಿಸಿ, ಮತ್ತೆ ಬಲ್ಬಿನ ಮೂಲಕವೇ ಶುರು ಮಾಡಿ.

ಬೋರ್ಡ್ ಮೇಲಿನ ಹನಿ ಆಕಾರದ ಟ್ಯಾಂಟಲಮ್ ಕೆಪ್ಯಾಸಿಟರ್‌ಗಳ ಮೇಲೆ ಕಣ್ಣಿಡಿ. ವಯಸ್ಸಾದಾಗ ಅವು ಶಾರ್ಟ್ ಆಗುವುದೇ ಜಾಸ್ತಿ. ಬದಲಿಸುವಾಗ ಅದು ಕೂತಿರುವ ಡಿಸಿ ಸಪ್ಲೈ ವೋಲ್ಟೇಜ್‌ನ ಎರಡರಷ್ಟಾದರೂ ರೇಟಿಂಗ್ ಇರಲಿ. ಎಲೆಕ್ಟ್ರೊಲಿಟಿಕ್‌ಗಳನ್ನು ಸುಮ್ನೆ ಎಲ್ಲವನ್ನೂ ಬದಲಿಸುವ ಪೈಕಿ ನಾನಲ್ಲ. ಸ್ಕೋಪ್‌ನಲ್ಲಿ ರಿಪ್ಪಲ್ ನೋಡಿ, ಕೆಟ್ಟದ್ದನ್ನು ಮಾತ್ರ ತೆಗೆಯಿರಿ.

ಸಾಕೆಟ್, ಎಡ್ಜ್ ಕನೆಕ್ಟರ್ ಎಲ್ಲ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ. ಐಸಿಗಳನ್ನು ಒಮ್ಮೆ ಎತ್ತಿ ಮತ್ತೆ ಒತ್ತಿ ಕೂರಿಸಿ. ಇದರಲ್ಲೇ ಸರಿಹೋಗುವ ಡಬ್ಬಿಗಳೂ ಇವೆ.

ಹಂತ 3: ಪಾಡ್ ಕಟ್ಟುವುದು

ಇದೇ ಮುಖ್ಯ ಕೆಲಸ. ಮೂಲ ಉಪಕರಣದಲ್ಲಿ ಎರಡು ಭಾಗ ಇರುತ್ತಿದ್ದವು. ಸ್ಟಾರ್ಟ್, ಸ್ಟಾಪ್, ಕ್ಲಾಕ್, ಗ್ರೌಂಡ್ ಅಂತ ನಾಲ್ಕು ವೈರ್ ಇರುವ ಟೈಮಿಂಗ್ ಪಾಡ್ ಒಂದು, ಡೇಟಾ ಪ್ರೋಬ್ ಇನ್ನೊಂದು. ಎರಡರ ಕೆಲಸವೂ ಇಷ್ಟೇ: ಹೊರಗಿನ ವೋಲ್ಟೇಜ್ ನೋಡಿ ಹೈ ಅಥವಾ ಲೋ ಅಂತ ತೀರ್ಮಾನಿಸಿ ಒಳಗೆ ಕಳಿಸುವುದು.

ಕಟ್ಟುವ ಮೊದಲು ಮ್ಯಾನ್ಯುಯಲ್‌ನ ಸರ್ಕ್ಯೂಟ್‌ನಲ್ಲಿ ಕೇಬಲ್ ಒಳಗೆ ಬರುವ ಜಾಗ ಹುಡುಕಿ. ಅಲ್ಲಿರುವ ಐಸಿ ಏನು ಕೇಳುತ್ತಿದೆ? ಟಿಟಿಎಲ್ ಲೆವೆಲ್ಲಾ, ಇಸಿಎಲ್ಲಾ (ಇನ್ನೊಂದು ಲಾಜಿಕ್ ಜಾತಿ, ಅದರ ವೋಲ್ಟೇಜ್ ಬೇರೆ), ಎರಡು ವೈರಿನ ಡಿಫರೆನ್ಷಿಯಲ್ಲಾ? ಇದನ್ನು ಊಹೆ ಮಾಡಬೇಡಿ. ನಿಮ್ಮ ಪಾಡ್ ಅದು ಕೇಳುವ ಲೆವೆಲ್ಲನ್ನೇ ಕೊಡಬೇಕು. ಕೆಳಗೆ ಹೇಳುವುದು ಟಿಟಿಎಲ್ ಔಟ್‌ಪುಟ್ ಕೊಡುವ ಸರ್ಕ್ಯೂಟ್. ಬೇರೆ ಲೆವೆಲ್ ಬೇಕಿದ್ದರೆ ಕೊನೆಗೊಂದು ಟ್ರಾನ್ಸ್‌ಲೇಟರ್ ಐಸಿ ಸೇರಿಸಿ.

ಇದಕ್ಕೆ ಬೇಕಾದ್ದು ಕಂಪ್ಯಾರೇಟರ್, ಅಂದರೆ ಎರಡು ವೋಲ್ಟೇಜ್ ಹೋಲಿಸಿ ಹೈ ಅಥವಾ ಲೋ ಕೊಡುವ ಐಸಿ. ಕಂಪ್ಯಾರೇಟರ್ ಅಂದ ಕೂಡಲೇ ಎಲ್ಲರ ಕೈ ಎಲ್‌ಎಂ339 ಕಡೆ ಹೋಗುತ್ತೆ. ಬೇಡ. ಅದು ಮೈಕ್ರೊಸೆಕೆಂಡ್ ಲೆಕ್ಕದ ಐಸಿ. 5004ಎ 10 ಮೆಗಾಹರ್ಟ್ಸ್ ಕ್ಲಾಕ್‌ವರೆಗೆ ಹೋಗುತ್ತೆ, ಅಂದರೆ ಎರಡು ಕ್ಲಾಕ್ ನಡುವೆ ಬರೀ 100 ನ್ಯಾನೊಸೆಕೆಂಡ್. ಟಿಎಲ್‌ವಿ3501 ಅಥವಾ ಒಂದರಲ್ಲೇ ಎರಡಿರುವ ಟಿಎಲ್‌ವಿ3502 ತೆಗೆದುಕೊಳ್ಳಿ. 5 ವೋಲ್ಟ್‌ನಲ್ಲಿ ನಡೆಯುತ್ತೆ, ತಡ ಸುಮಾರು 4.5 ನ್ಯಾನೊಸೆಕೆಂಡ್. ಆನ್‌ಲೈನ್‌ನಲ್ಲಿ ತರಿಸಿ, ಚಿಕ್ಕ ಅಡಾಪ್ಟರ್ ಬೋರ್ಡ್ ಮೇಲೆ ಬೆಸುಗೆ ಹಾಕಿ.

ಸ್ಟಾರ್ಟ್, ಸ್ಟಾಪ್, ಕ್ಲಾಕ್‌ಗೆ ಒಂದೊಂದು ಕಂಪ್ಯಾರೇಟರ್. ಹೋಲಿಸುವ ಮಟ್ಟ 1.4 ವೋಲ್ಟ್. ಇಷ್ಟೇ.

ಡೇಟಾ ಪ್ರೋಬ್‌ಗೆ ಎರಡು ಮಟ್ಟ ಬೇಕು, 2.0 ಮತ್ತು 0.8. ಯಾಕೆ ಗೊತ್ತಾ? ಮೈಕ್ರೊಪ್ರೊಸೆಸರ್ ಬಸ್‌ನಲ್ಲಿ ಯಾರೂ ಮಾತಾಡದ ಹೊತ್ತು ಇರುತ್ತೆ. ಆಗ ಲೈನ್ ಹೈಯೂ ಅಲ್ಲ ಲೋವೂ ಅಲ್ಲ, ಮಧ್ಯದಲ್ಲಿ ತೇಲುತ್ತೆ. ಒಂದೇ ಮಟ್ಟ ಇಟ್ಟರೆ ಅಲ್ಲಿ ಕಂಪ್ಯಾರೇಟರ್ ಮನಸ್ಸಿಗೆ ಬಂದಂತೆ ಹೇಳುತ್ತೆ, ಸಿಗ್ನೇಚರ್ ಕುಣಿಯುತ್ತೆ. ಎರಡು ಮಟ್ಟ ಇಟ್ಟು, ಮಧ್ಯದಲ್ಲಿದ್ದಾಗ ಹಿಂದಿನದ್ದನ್ನೇ ಹಿಡಿದುಕೊಂಡರೆ ಸಿಗ್ನೇಚರ್ ನಿಲ್ಲುತ್ತೆ.

ಕಟ್ಟುವುದು ಹೀಗೆ. 5 ವೋಲ್ಟ್‌ನಿಂದ ಗ್ರೌಂಡ್‌ಗೆ ಮೂರು ರೆಸಿಸ್ಟರ್ ಸಾಲಾಗಿ: ಮೇಲಿಂದ 3 ಕಿಲೋಓಮ್, 1.2 ಕಿಲೋಓಮ್, 820 ಓಮ್. ಮೊದಲ ಎರಡರ ನಡುವೆ 2.0, ಕೊನೆಯ ಎರಡರ ನಡುವೆ 0.8 ಸಿಗುತ್ತೆ. ಎರಡೂ ಜಾಗದಿಂದ ಗ್ರೌಂಡ್‌ಗೆ 0.1 ಮೈಕ್ರೊಫ್ಯಾರಡ್ ಹಾಕಿ. ಮೇಲಿನ ಕಂಪ್ಯಾರೇಟರ್‌ನ ಮೈನಸ್‌ಗೆ ಪ್ರೋಬ್ ಸಿಗ್ನಲ್, ಪ್ಲಸ್‌ಗೆ 2.0. ಕೆಳಗಿನದರ ಪ್ಲಸ್‌ಗೆ ಪ್ರೋಬ್ ಸಿಗ್ನಲ್, ಮೈನಸ್‌ಗೆ 0.8. ಈಗ ಸಿಗ್ನಲ್ 2.0 ದಾಟಿದರೆ ಮೇಲಿನದು ಲೋ ಆಗುತ್ತೆ, 0.8ರ ಕೆಳಗೆ ಇಳಿದರೆ ಕೆಳಗಿನದು ಲೋ ಆಗುತ್ತೆ, ಮಧ್ಯದಲ್ಲಿದ್ದರೆ ಎರಡೂ ಹೈ. ಇವೆರಡನ್ನೂ 74ಎಫ್00ನ ಎರಡು ನ್ಯಾಂಡ್ ಗೇಟ್‌ಗಳಲ್ಲಿ ಕಟ್ಟಿದ ಲ್ಯಾಚ್‌ಗೆ ಕೊಡಿ, ಮೇಲಿನದು ಸೆಟ್, ಕೆಳಗಿನದು ರಿಸೆಟ್. ಹಿಡಿದುಕೊಳ್ಳುವ ಕೆಲಸ ಅದು ಮಾಡುತ್ತೆ.

ಮೂಲ ಪ್ರೋಬ್‌ನ ಇನ್‌ಪುಟ್ 50 ಕಿಲೋಓಮ್ ಮೂಲಕ 1.4 ವೋಲ್ಟ್‌ಗೆ ಎಳೆದಂತೆ ಇತ್ತು, ತೇಲುವ ಲೈನ್ ಮಧ್ಯಕ್ಕೇ ಬಂದು ನಿಲ್ಲಲಿ ಅಂತ. ನಾವೂ ಅದನ್ನೇ ಮಾಡೋಣ: ಇನ್‌ಪುಟ್‌ನಿಂದ 5 ವೋಲ್ಟ್‌ಗೆ 180 ಕಿಲೋಓಮ್, ಗ್ರೌಂಡ್‌ಗೆ 68 ಕಿಲೋಓಮ್. ಲೆಕ್ಕ ಹಾಕಿದರೆ 49 ಕಿಲೋಓಮ್ ಚಿಲ್ಲರೆ, 1.37 ವೋಲ್ಟ್. ಸಾಕು.

ರಕ್ಷಣೆಗೆ ನಾಲ್ಕೂ ಇನ್‌ಪುಟ್‌ಗೆ 330 ಓಮ್ ಸೀರೀಸ್, ಆಮೇಲೆ 5 ವೋಲ್ಟ್‌ಗೂ ಗ್ರೌಂಡ್‌ಗೂ ಷಾಟ್ಕಿ ಡಯೋಡ್. ಬ್ಯಾಟ್54ಎಸ್ ಒಂದರಲ್ಲೇ ಎರಡೂ ಇರುತ್ತೆ. 330 ಓಮ್ ಬದಲು 10 ಕಿಲೋಓಮ್ ಹಾಕಿದರೆ ಇನ್ನೂ ಸೇಫ್ ಅಲ್ವಾ ಅಂದರೆ, ಅಲ್ಲ. ರೆಸಿಸ್ಟರ್ ಮತ್ತು ಇನ್‌ಪುಟ್‌ನ ಕೆಲವು ಪಿಕೊಫ್ಯಾರಡ್ ಸೇರಿ ಸಿಗ್ನಲ್ಲನ್ನು ತಡ ಮಾಡುತ್ತವೆ. ಕ್ಲಾಕ್‌ಗಿಂತ ಕನಿಷ್ಠ 15 ನ್ಯಾನೊಸೆಕೆಂಡ್ ಮೊದಲು ಡೇಟಾ ಬಂದು ಕೂತಿರಬೇಕು. ಅದಕ್ಕೇ ಕಂಪ್ಯಾರೇಟರ್, ರೆಸಿಸ್ಟರ್, ಕೇಬಲ್ ಉದ್ದ ಎಲ್ಲ ನಾಲ್ಕೂ ದಾರಿಗೆ ಒಂದೇ ಇರಲಿ. ಡೇಟಾ ದಾರಿಯಲ್ಲಿ ಲ್ಯಾಚ್‌ನ ಗೇಟ್ ತಡ ಹೆಚ್ಚಿಗೆ ಬರುತ್ತಲ್ಲ, ಉಳಿದ ಮೂರರಲ್ಲೂ 74ಎಫ್00ನ ಎರಡು ಗೇಟ್ ಸಾಲಾಗಿ ದಾಟಿಸಿದರೆ ಸರಿಸುಮಾರು ಸಮ ಆಗುತ್ತೆ.

ಪ್ರೋಬ್‌ನ ಮೈಗೆ ಬಾಲ್‌ಪೆನ್ನಿನ ಕೊಳವೆ ಸಾಕು, ತುದಿಗೆ ಹೊಲಿಗೆ ಸೂಜಿ. ಸ್ಟೀಲ್‌ಗೆ ಬೆಸುಗೆ ಸುಲಭಕ್ಕೆ ಹತ್ತಲ್ಲ, ಮೊದಲು ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿ ಆಮ್ಲದ ಫ್ಲಕ್ಸ್ ಹಚ್ಚಿ, ಬೆಸುಗೆ ಆದ ಮೇಲೆ ಚೆನ್ನಾಗಿ ತೊಳೆಯಿರಿ. ಮೂಲ ಪ್ರೋಬ್‌ನಲ್ಲಿ ರಿಸೆಟ್ ಗುಂಡಿ ಇತ್ತು, ಹೋಲ್ಡ್ (ಬಂದ ಸಿಗ್ನೇಚರನ್ನು ಹಿಡಿದಿಡುವುದು) ಬಳಸುವಾಗ ಅದು ಬೇಕೇ ಬೇಕು. ಪುಟ್ಟ ಪುಷ್ ಸ್ವಿಚ್ ಒಂದು ಸೇರಿಸಿ. ಕಂಪ್ಯಾರೇಟರ್‌ಗಳನ್ನು ಸೂಜಿಯ ಹತ್ತಿರವೇ ಇಡಿ, ಡಬ್ಬಿಯ ಕಡೆ ಬೇಡ. ಸೂಜಿಯಿಂದ ಮೀಟರ್ ಉದ್ದದ ವೈರ್ ಎಳೆದು ಆಮೇಲೆ ಹೋಲಿಸಿದರೆ ಆ ವೈರೇ ಬೋರ್ಡಿಗೆ ಹೊರೆ.

ಹಂತ 4: ಸಾಬೀತು

ಎರಡು 74ಎಚ್‌ಸಿ393 ತೆಗೆದುಕೊಳ್ಳಿ. ಒಂದೊಂದರಲ್ಲಿ ಎರಡು ನಾಲ್ಕು ಬಿಟ್ ಕೌಂಟರ್. ಸಾಲಾಗಿ ಜೋಡಿಸಿದರೆ 16 ಬಿಟ್. 1 ಮೆಗಾಹರ್ಟ್ಸ್ ಆಸಿಲೇಟರ್ ಕೊಡಿ. 393 ಕ್ಲಾಕ್‌ನ ಫಾಲಿಂಗ್ ಎಡ್ಜ್‌ನಲ್ಲಿ (ಹೈಯಿಂದ ಲೋಗೆ ಇಳಿಯುವಾಗ) ಎಣಿಸುತ್ತೆ, ಹಾಗಾಗಿ ಅನಲೈಜರ್‌ನ ಕ್ಲಾಕ್ ಗುಂಡಿ ರೈಸಿಂಗ್‌ಗೆ (ಲೋಯಿಂದ ಹೈಗೆ ಏರುವಾಗ) ಇಡಿ. ಮಧ್ಯೆ 500 ನ್ಯಾನೊಸೆಕೆಂಡ್ ಸಿಗುತ್ತೆ, ಅಷ್ಟರಲ್ಲಿ 16 ಹಂತವೂ ಒಂದರ ಹಿಂದೆ ಒಂದು ಬದಲಾಗಿ ನಿಂತಿರುತ್ತೆ. ಕೊನೆಯ ಬಿಟ್ ಕ್ಯೂ15ಕ್ಕೆ ಸ್ಟಾರ್ಟ್, ಸ್ಟಾಪ್ ಎರಡನ್ನೂ ಸಿಕ್ಕಿಸಿ, ಎರಡೂ ಫಾಲಿಂಗ್. ಈಗ ಒಂದು ವಿಂಡೋದಲ್ಲಿ, ಅಂದರೆ ಸ್ಟಾರ್ಟ್‌ನಿಂದ ಸ್ಟಾಪ್‌ವರೆಗೆ, ಸರಿಯಾಗಿ 65536 ಕ್ಲಾಕ್.

ಪ್ರೋಬ್ ಗ್ರೌಂಡ್‌ಗೆ: 0000. 5 ವೋಲ್ಟ್‌ಗೆ: 0001. ಇಲ್ಲಿಂದಲೇ ಪಾಡ್‌ನ ಕಾಯಿಲೆ ಓದಬಹುದು. ಗ್ರೌಂಡ್‌ನಲ್ಲಿ 0001, 5 ವೋಲ್ಟ್‌ನಲ್ಲಿ 0000 ಬಂದರೆ ಡೇಟಾ ದಾರಿ ತಿರುವುಮುರುವಾಗಿದೆ, ಲ್ಯಾಚ್‌ನ ಇನ್ನೊಂದು ಔಟ್‌ಪುಟ್ ತೆಗೆದುಕೊಳ್ಳಿ. 5 ವೋಲ್ಟ್‌ನಲ್ಲಿ 0003 ಬಂದರೆ ಒಂದು ಕ್ಲಾಕ್ ಜಾಸ್ತಿ ಎಣಿಸಿದೆ. ಕ್ಲಾಕ್ ವೈರ್‌ನಲ್ಲಿ ರಿಂಗಿಂಗ್ (ಎಡ್ಜ್ ಆದ ಮೇಲೂ ಸಿಗ್ನಲ್ ಏರಿಳಿಯುವುದು) ಇರಬಹುದು, ಪಾಡ್‌ನಿಂದ ಹೊರಡುವ ಜಾಗದಲ್ಲಿ 47 ಓಮ್ ಸೀರೀಸ್ ಹಾಕಿ ನೋಡಿ, ಗ್ರೌಂಡ್ ವೈರ್ ಚಿಕ್ಕದು ಮಾಡಿ. ಎರಡೂ ಕಡೆ 0000 ಬಂದರೆ ಒಂದು ಕ್ಲಾಕ್ ಕಡಿಮೆ ಆಗಿದೆ, ಇಲ್ಲವೇ ಪ್ರೋಬ್ ಲೋನಲ್ಲಿ ಅಂಟಿಕೊಂಡಿದೆ. ಪ್ರೋಬನ್ನು ಕೌಂಟರ್‌ನ ಮೊದಲ ಬಿಟ್ ಕ್ಯೂ0ಗೆ ಮುಟ್ಟಿಸಿ. ಅಲ್ಲೂ 0000 ಆದರೆ ಪ್ರೋಬೇ ಸತ್ತಿದೆ.

ಇನ್ನು ಕ್ಯೂ0ಯಿಂದ ಮೇಲಕ್ಕೆ ಹೀಗೆ ಬರಬೇಕು: ಯು-ಯು-ಯು-ಯು, 5-5-5-5, ಸಿ-ಸಿ-ಸಿ-ಸಿ, 7-ಎಫ್-7-ಎಫ್, 5-ಎಚ್-2-1, 0-ಎ-ಎಫ್-ಎ, ಯು-ಪಿ-ಎಫ್-ಎಚ್, 5-2-ಎಫ್-8. ಕ್ಯೂ8ರಿಂದ ಎಚ್-ಸಿ-8-9, 2-ಎಚ್-7-0, ಎಚ್-ಪಿ-ಪಿ-0, 1-2-9-3, ಎಚ್-ಎ-ಪಿ-7, 3-ಸಿ-9-6, 3-8-2-7. ಕ್ಯೂ15 ಮಾತ್ರ ಸ್ಟಾರ್ಟ್ ಎಡ್ಜ್ ಮೇಲೆ ನಿಂತಿದೆ. ಒಂದು ಎಡ್ಜ್‌ಗೆ 7-5-5-ಯು, ಸ್ಟಾರ್ಟ್ ಸ್ಟಾಪ್ ಎರಡನ್ನೂ ಇನ್ನೊಂದು ಎಡ್ಜ್‌ಗೆ ಬದಲಿಸಿದರೆ 7-5-5-ಪಿ. ಉಳಿದ ಹದಿನೈದು ಕದಲಲ್ಲ. ಇವೆಲ್ಲ ಬಂದವು ಅಂದರೆ ಶಿಫ್ಟ್ ರಿಜಿಸ್ಟರ್, ಡಿಸ್‌ಪ್ಲೇ, ನಿಮ್ಮ ಪಾಡ್ ಮೂರೂ ಪಾಸ್. 5 ವೋಲ್ಟ್ ಸರಿ ಬಂದು ಈ ಪಟ್ಟಿ ಮಾತ್ರ ಪೂರ್ತಿ ತಪ್ಪಾದರೆ ಡೇಟಾ ತಡವಾಗಿ ಬರುತ್ತಿದೆ ಅಂತಲೇ ಮೊದಲು ಅನುಮಾನಿಸಿ.

ಹಂತ 5: ನಿಜವಾದ ಬೋರ್ಡ್ ಮೇಲೆ

ಶುರುವಿಗೆ ಜೆಡ್80 ಮೈಕ್ರೊಪ್ರೊಸೆಸರ್ ಇರುವ ಬೋರ್ಡ್ ಸುಲಭ. 40 ಪಿನ್ ಸಾಕೆಟ್ ಒಂದನ್ನು ತೆಗೆದುಕೊಂಡು ಎಂಟು ಡೇಟಾ ಪಿನ್‌ಗಳನ್ನು ಹೊರಗೆ ಬಗ್ಗಿಸಿ, ಅವನ್ನೆಲ್ಲ 1 ಕಿಲೋಓಮ್ ಮೂಲಕ ಗ್ರೌಂಡ್‌ಗೆ ಸೇರಿಸಿ. ಪ್ರೊಸೆಸರನ್ನು ಇದರಲ್ಲಿ ಕೂರಿಸಿ, ಇದನ್ನು ಬೋರ್ಡಿನಲ್ಲಿ ಕೂರಿಸಿ. ಪ್ರೊಸೆಸರ್ ಎಲ್ಲಿ ಓದಿದರೂ 00 ಸಿಗುತ್ತೆ. 00 ಅಂದರೆ ನೋಪ್, ಏನೂ ಮಾಡಬೇಡ ಅಂತ. ಅದು 0000ಯಿಂದ ಕೊನೆಯ ಅಡ್ರೆಸ್‌ವರೆಗೆ ಸುಮ್ನೆ ನಡೆದುಕೊಂಡು ಹೋಗಿ ಮತ್ತೆ ಶುರು ಮಾಡುತ್ತೆ. 4 ಮೆಗಾಹರ್ಟ್ಸ್‌ನಲ್ಲಿ ಒಂದು ಸುತ್ತಿಗೆ 66 ಮಿಲಿಸೆಕೆಂಡ್. ಸ್ಟಾರ್ಟ್, ಸ್ಟಾಪ್ ಕೊನೆಯ ಅಡ್ರೆಸ್ ಲೈನ್ ಎ15ಕ್ಕೆ, ಕ್ಲಾಕ್ ಆರ್‌ಡಿ ಪಿನ್‌ಗೆ (ಪ್ರೊಸೆಸರ್ ಓದುವಾಗ ಲೋ ಆಗುವ ಪಿನ್). ಅಡ್ರೆಸ್ ಲೈನ್ ನೋಡುವಾಗ ಆರ್‌ಡಿಯ ಫಾಲಿಂಗ್ ಎಡ್ಜ್ ಬಳಸಿ. ಆರ್‌ಡಿ ಮೇಲೇಳುವ ಹೊತ್ತಿಗೇ ಜೆಡ್80 ರಿಫ್ರೆಶ್ ಅಡ್ರೆಸ್ (ಡೈನಮಿಕ್ ಮೆಮೊರಿಯ ಸಲುವಾಗಿ ಕೊಡುವ ಬೇರೆ ಅಡ್ರೆಸ್) ಹಾಕಲು ಶುರು ಮಾಡುತ್ತೆ, ಆಗ ನೋಡಿದರೆ ಅದೃಷ್ಟದಾಟ. ರೋಮ್‌ನ ಡೇಟಾ ನೋಡುವಾಗ ರೈಸಿಂಗ್, ಏಕೆಂದರೆ ರೋಮ್ ಉತ್ತರ ಕೊಡಲು ಟೈಮ್ ಬೇಕು. ಅಡ್ರೆಸ್ ಪಿನ್‌ಗಳಲ್ಲಿ ಮೇಲಿನ ಪಟ್ಟಿಯೇ ಬರಬೇಕು.

ನಮ್ಮ ಕಡೆ ಎಂಜಿನಿಯರಿಂಗ್, ಡಿಪ್ಲೊಮಾ ಲ್ಯಾಬ್‌ಗಳಲ್ಲಿ ಓದಿದವರ ಕೈಗೆ ಸಿಗುವುದು 8085 ಮೈಕ್ರೊಪ್ರೊಸೆಸರ್ ಕಿಟ್. ಅದರಲ್ಲಿ ಡೇಟಾ ಪಿನ್‌ಗಳನ್ನು ಹೀಗೆ ಗ್ರೌಂಡ್‌ಗೆ ಎಳೆಯಲು ಆಗಲ್ಲ. ಕೆಳಗಿನ ಎಂಟು ಅಡ್ರೆಸ್ ಬಿಟ್ ಕೂಡ ಅದೇ ಪಿನ್‌ಗಳಲ್ಲಿ ಬರುತ್ತವೆ. 8085 ಹೈ ಕೊಡುವಾಗ ಖಾತ್ರಿ ಇರುವುದು 400 ಮೈಕ್ರೊಆಂಪಿಯರ್‌ಗೆ. 1 ಕಿಲೋಓಮ್ ಹಾಕಿದರೆ ಅದು ಸೋಲುತ್ತೆ, ದೊಡ್ಡ ರೆಸಿಸ್ಟರ್ ಹಾಕಿದರೆ ಲೈನ್ ಸಮಯಕ್ಕೆ ಕೆಳಗಿಳಿಯಲ್ಲ. ಸರಿಯಾದ ದಾರಿ ಒಂದು 74ಎಲ್‌ಎಸ್244: ಎಂಟೂ ಇನ್‌ಪುಟ್ ಗ್ರೌಂಡ್‌ಗೆ, ಔಟ್‌ಪುಟ್ ಅಡ್ರೆಸ್, ಡೇಟಾ ಎರಡೂ ಬರುವ ಆ ಎಂಟು ಎಡಿ ಪಿನ್‌ಗಳಿಗೆ, ಎರಡೂ ಎನೇಬಲ್ ಆರ್‌ಡಿಗೆ. ಓದುವ ಹೊತ್ತಿಗೆ ಮಾತ್ರ 00 ಬರುತ್ತೆ. ಇದಕ್ಕೆ ಮೊದಲು ಕಿಟ್‌ನ ಇಪಿರೋಮ್, ರ್ಯಾಮ್ ಎರಡನ್ನೂ ಸಾಕೆಟ್‌ನಿಂದ ತೆಗೆಯಿರಿ, ಬೆಸುಗೆ ಹಾಕಿದ್ದರೆ ಅವುಗಳ ಚಿಪ್ ಸೆಲೆಕ್ಟ್ ಬಿಡಿಸಿ. ಇಲ್ಲದಿದ್ದರೆ ಅವೂ 244ಉ ಒಂದೇ ಲೈನ್ ಮೇಲೆ ಜಗಳ ಆಡುತ್ತವೆ. ಎ0ಯಿಂದ ಎ7ರವರೆಗಿನ ಸಿಗ್ನೇಚರನ್ನು ಕಿಟ್‌ನಲ್ಲಿ ಅಡ್ರೆಸ್ ಹಿಡಿದಿಡುವ ಲ್ಯಾಚ್‌ನ ಔಟ್‌ಪುಟ್‌ನಲ್ಲಿ ನೋಡಿ, ಪ್ರೊಸೆಸರ್ ಪಿನ್‌ನಲ್ಲಿ ಅಲ್ಲ.

ಹೀಗೆ ಅಡ್ರೆಸ್ ಸರಿ ಬಂದ ಮೇಲೆ ಡಿಕೋಡರ್ (ಅಡ್ರೆಸ್ ನೋಡಿ ಚಿಪ್ ಆರಿಸುವ ಐಸಿ) ಔಟ್‌ಪುಟ್‌ಗಳ ಸಿಗ್ನೇಚರ್ ಬರೆದಿಡಿ. ಚೆನ್ನಾಗಿ ಓಡುವ ಬೋರ್ಡ್ ಕೈಯಲ್ಲಿದ್ದಾಗಲೇ ಬರೆದಿಡಬೇಕು, ಕೆಟ್ಟ ಮೇಲೆ ಯಾವ ಸಿಗ್ನೇಚರ್ ಸರಿ ಅಂತ ಯಾರೂ ಹೇಳಲ್ಲ.

ಮುಚ್ಚುವ ಮುಂಚೆ

ಮೂಲ ಪಾಡ್‌ನ ಕನೆಕ್ಟರ್ ಡಬ್ಬಿಯಲ್ಲಿ ಉಳಿದಿದ್ದರೆ ಅದನ್ನು ಕತ್ತರಿಸಬೇಡಿ. ಅದಕ್ಕೇ ಹೊಂದುವ ಪ್ಲಗ್ ಹುಡುಕಿ, ಸಿಗದಿದ್ದರೆ ಪಿನ್‌ಗಳಿಗೆ ಕೂರುವ ಹೆಡರ್ ಹಾಕಿ. ನಾಳೆ ಯಾರದೋ ಹತ್ತಿರ ನಿಜವಾದ ಪಾಡ್ ಸಿಕ್ಕರೆ ಸೀದಾ ಸಿಕ್ಕಿಸುವಂತಿರಬೇಕು. ನಿಮ್ಮ ಪಾಡ್‌ನ ಸರ್ಕ್ಯೂಟ್, ರೆಸಿಸ್ಟರ್‌ಗಳ ಓಮ್ ಲೆಕ್ಕ, ಪಿನ್‌ಗಳ ಕ್ರಮ ಒಂದು ಹಾಳೆಯಲ್ಲಿ ಬರೆದು ಮುಚ್ಚಳದ ಒಳಮೈಗೆ ಅಂಟಿಸಿ. ಟ್ರಾನ್ಸ್‌ಫಾರ್ಮರ್‌ನಿಂದ ದೂರ, ಬಿಸಿ ತಾಗದ ಕಡೆ.